ವಿದ್ಯಾರ್ಥಿ ಸಂಘಗಳು

ವಿಶ್ವವಿದ್ಯಾನಿಲಯವೆಂದರೆ ಅಧ್ಯಾಪಕರು ಕಟ್ಟಿದ, ವಿದ್ಯಾರ್ಥಿಗಳು ಬಂದು ಸೇರುವ ಸಂಸ್ಥೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇಟಲಿ ದೇಶದ ಬೊಲೋನ್ಯಾ ನಗರದ ಚರಿತ್ರೆಯಲ್ಲಿ ಸಂಗತಿ ಬೇರೆಯಾಗಿಯೇ ಇದೆ. ಹದಿಮೂರನೆಯ ಶತಮಾನದಲ್ಲಿ ನ್ಯಾಯಶಾಸ್ತ್ರವನ್ನು ಕಲಿಯಲು ಅಲ್ಲಿಗೆ ಬಂದ ಪರದೇಶದ ತರುಣರಿಗೆ ಆ ಊರಿನ ಪೌರರ ಹಕ್ಕುಗಳಿರಲಿಲ್ಲ. ಮನೆಬಾಡಿಗೆಯ ಕಾಟವನ್ನು ತಡೆಯುವುದಕ್ಕೂ ಆತ್ಮರಕ್ಷಣೆಗೂ ಅವರು ನಾಡುನಾಡಿನವರು ಕೂಡಿ ಸಂಘಗಳನ್ನು ಕಟ್ಟಿಕೊಂಡರು. ಯೂನಿವರ್ಸಿಟಿ ಎಂಬ ಹೆಸರು ಅಲ್ಲಿ ಸಂದದ್ದು ಈ ಸಂಘಕ್ಕೆ. ಅದರ ಮುಖ್ಯಾಧಿಕಾರಿ ಒಬ್ಬ ವಿದ್ಯಾರ್ಥಿ; ಅವನ ಆಜ್ಞೆಗೆ ಒಳಪಡುವೆನೆಂದು ಅಧ್ಯಾಪಕನು ಪ್ರಮಾಣ ಮಾಡಬೇಕು. ಪಾಠವನ್ನು ತಡವಾಗಿ ಆರಂಭಿಸಿದರೆ ದಂಡ. ಗಂಟೆ ಬಾರಿಸಿದ ಮೇಲೆ ಮುಂದುವರಿಸಿದರೆ ದಂಡ. ಕಠಿನವಾದ ಭಾಗವನ್ನು ಹಾರಿಸಿದರೆ ದಂಡ. ಕೇಳುವವರು ಐವರಿಗಿಂತ ಕಡಮೆಯಾದರೂ ದಂಡ. ಈ ಕೊನೆಯ ನಿಯಮವು ನಮ್ಮಲ್ಲಿ ಇಲ್ಲದಿರುವುದು ನನ್ನಂಥ ಉಪನ್ಯಾಸಕರ ಪುಣ್ಯವೆನ್ನಬೇಕು.

ಮುಂದೆ ಅಧ್ಯಾಪಕರ ವೇತನವನ್ನು ನಗರವೇ ಕೊಡತೊಡಗಿತು. ಹಣದ ಚೀಲವು ಕೈ ಬದಲಾಯಿಸಿತು. ಅಧಿಕಾರವೂ ಅದರ ಹಿಂದೆಯೇ ಹೋಯಿತು.

ಊರನ್ನು ಅನುಸರಿಸಿದ ಇಂಥ ಸಂಘಗಳು ಸ್ವೀಡನ್ನಿನ ಉಪ್ಸಾಲದಲ್ಲಿ ಇಂದಿಗೂ ಹದಿಮೂರು ಉಂಟು. ೨೦೧೦ರವರೆಗೆ ಅವುಗಳಲ್ಲೊಂದಕ್ಕೆ ಸೇರುವುದು ಕಡ್ಡಾಯವಾಗಿತ್ತು. ನಮ್ಮ ಜಾತಿವಾರು ವಿದ್ಯಾರ್ಥಿನಿಲಯಗಳ ನೆನಪು ಬರಬಹುದು; ಆದರೆ ಅವನ್ನು ಕಟ್ಟಿ ನಡೆಸಿದವರು ಹಿರಿಯರು.

ಮತ್ತೊಂದು ಬಗೆ ವಾದಸಭೆ. ೧೮೨೩ರಲ್ಲಿ ಹುಟ್ಟಿದ ಆಕ್ಸ್‌ಫರ್ಡ್ ಯೂನಿಯನ್ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ರಾಜನಿಗಾಗಲಿ ದೇಶಕ್ಕಾಗಲಿ ತಾವು ಯಾವ ಸಂದರ್ಭದಲ್ಲಿಯೂ ಯುದ್ಧಮಾಡುವುದಿಲ್ಲವೆಂಬ ನಿರ್ಣಯವನ್ನು ಅಲ್ಲಿಯ ತರುಣರು ೧೯೩೩ನೆಯ ಫೆಬ್ರವರಿಯಲ್ಲಿ ೨೭೫ಕ್ಕೆ ೧೫೩ ಮತಗಳಿಂದ ಅಂಗೀಕರಿಸಿದರು. ದೇಶವೆಲ್ಲ ಗದ್ದಲವಾಯಿತು, ಚರ್ಚಿಲ್ಲರು ಕಟುವಾಗಿ ನಿಂದಿಸಿದರು. ನಿರ್ಣಯವನ್ನು ದಾಖಲೆಯಿಂದ ತೆಗೆದುಹಾಕಬೇಕೆಂಬ ಸೂಚನೆಯು ಮರುತಿಂಗಳು ಸಭೆಗೆ ಬಂದಾಗ, ಅದರ ಪರ ೧೩೮, ವಿರೋಧ ೭೫೦. ಆ ನಿರ್ಣಯ ಸರಿಯೆಂದು ನಾನು ಹೇಳಲಾರೆ. ಅದನ್ನು ಅಳಿಸಲು ಒಪ್ಪದಿದ್ದುದು ಸರಿ. ಹಾಗೆಂದು ಈ ಸಭೆಯನ್ನು ಬಹಳವಾಗಿ ಹೊಗಳಬೇಕಾಗಿಲ್ಲ: ಹೆಂಗಸರಿಗೆ ಅಲ್ಲಿ ಪೂರ್ಣ ಸದಸ್ಯತ್ವ ದೊರೆತದ್ದು ೧೯೬೩ರಲ್ಲಿ.

ಮೂರನೆಯ ಬಗೆಗೆ ಬೆಂಗಳೂರನ್ನು ಬಿಟ್ಟು ಹೋಗಬೇಕಾಗಿಲ್ಲ. ಪಾಠಗಳೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವು ೧೯೧೯ರಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿತು. ಸಂಘದ ಚೈತನ್ಯ ಅಧ್ಯಾಪಕರಾದ ಎ. ಆರ್. ಕೃಷ್ಣಶಾಸ್ತ್ರಿಗಳೆಂಬುದು ನಿಜ. ಪಾಠಪಟ್ಟಿಯಲ್ಲಿ ಕನ್ನಡಕ್ಕೆ ಸಿಗದ ಸ್ಥಳವನ್ನು ಒಂದು ಕಾಲೇಜುಸಂಘವು ಮಾಡಿಕೊಟ್ಟಿತು. ಪತ್ರಿಕೆಯನ್ನು ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ಅದರಿಂದ ಪತ್ರಿಕೆಗೆ ಆಯುಸ್ಸು ಬೆಳೆಯಿತು. ವಿದ್ಯಾರ್ಥಿಗಳ ಕೈಯಿಂದ ಮಾತ್ರ ಅದು ದೂರವಾಯಿತು.

ಇದನ್ನು ಹೇಳುವುದಕ್ಕೆ ಕಾರಣವಿದೆ. ನಮ್ಮ ಎಷ್ಟೋ ಕಾಲೇಜುಸಂಘಗಳಲ್ಲಿ ವರ್ಷಾರಂಭಕ್ಕೊಂದು ಉದ್ಘಾಟನೆ, ವರ್ಷಾಂತ್ಯಕ್ಕೊಂದು ಸಮಾರೋಪ. ಅಧ್ಯಕ್ಷರು ಅಧ್ಯಾಪಕರು, ಹಣ ಕಚೇರಿಯಲ್ಲಿ. ವಿದ್ಯಾರ್ಥಿಗೆ ಉಳಿಯುವುದು ಹಾರ ತರುವ ಕೆಲಸ, ವಂದನಾರ್ಪಣೆ. ಖಜಾಂಚಿಯ ಸ್ಥಾನವನ್ನಾದರೂ ಅವನಿಗೆ ಬಿಟ್ಟುಕೊಡಬಾರದೆ? ಲೆಕ್ಕ ತಪ್ಪುವುದೆಂದು ಹೆದರುವವರು ಆ ಲೆಕ್ಕವನ್ನು ಅವನಿಂದಲೇ, ಚಂದಾ ಕೊಟ್ಟ ಜೊತೆಗಾರರೆಲ್ಲರ ಎದುರಿಗೆ, ಮೂರು ತಿಂಗಳಿಗೊಮ್ಮೆ ಓದಿಸಬಹುದು.