ಡಿಗ್ರಿ ಯಾರಿಗೆ ಬೇಕು?



ಹನ್ನೆರಡನೆಯ ಕ್ಲಾಸಿನ ರಿಸಲ್ಟ್ ಬಂದ ವಾರ ಮುಂಬಯಿಯ ನಮ್ಮ ಮನೆಗಳಲ್ಲಿ ಒಂದು ಜಗಳ ತಪ್ಪಿದ್ದಲ್ಲ. "ಬಿಕಾಂ ಮಾಡಿ ಏನಾಗಬೇಕಪ್ಪ? ನ್ಯಾಚುರಲ್ಸ್ ಕಾಮತರು ಯಾವ ಡಿಗ್ರಿ ಮಾಡಿದ್ದರು?" ಎಂದು ಮಗ ಕೇಳುತ್ತಾನೆ. ಅಪ್ಪ ಸುಮ್ಮನಾಗುತ್ತಾನೆ.

ಸುಮ್ಮನಾಗಬೇಕಿಲ್ಲ. ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರಿಗೆ ಶಾಲೆ ಒಲಿಯಲಿಲ್ಲ, ನಿಜ. 1984ರಲ್ಲಿ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ಅಂಗಡಿ ತೆರೆದರು. 2024ರಲ್ಲಿ ಅವರು ತೀರಿಕೊಂಡಾಗ ಆ ಹೆಸರು ದೇಶಕ್ಕೆಲ್ಲ ಗೊತ್ತಿತ್ತು. ಆದರೆ ಹಣ್ಣಿನ ಗುಣ ತಿಳಿಯುವ ವಿದ್ಯೆ ಅವರು ಅಪ್ಪನ ಜೊತೆಯಲ್ಲಿ ಕಲಿತದ್ದು, ಮುಂಬಯಿಯ ವ್ಯಾಪಾರ ಕಲಿತದ್ದು ಅಣ್ಣನ ಹೋಟೆಲಿನಲ್ಲಿ. ಅಂಥ ಅಪ್ಪ, ಅಂಥ ಅಣ್ಣ ಇದ್ದವರಿಗೆ ಯಾರೂ ಸರ್ಟಿಫಿಕೇಟು ಕೇಳಲಿಲ್ಲ. ಅದೇ ಊರುಗಳಿಂದ ಬಸ್ಸು ಹತ್ತಿ ಬಂದು, ಟೇಬಲ್ ಒರೆಸುತ್ತಲೇ ಮುದುಕರಾದವರು ಎಷ್ಟೋ ಜನ. ಅವರ ಹೆಸರನ್ನು ಯಾವ ಮಗನೂ ಎತ್ತುವುದಿಲ್ಲ.

ಹಾಗೆ ಬಸ್ಸು ಹತ್ತಿ ಬಂದ ಹುಡುಗರಿಗಾಗಿಯೇ ಈ ಊರಿನಲ್ಲಿ ಕನ್ನಡದ ರಾತ್ರಿ ಶಾಲೆಗಳು ಹುಟ್ಟಿದವು. ಮೊಗವೀರರು 20ನೆಯ ಶತಮಾನದ ಮೊದಲ ದಶಕದಲ್ಲೇ ಶುರುಮಾಡಿದರು. ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆಯೂ ಹೆಸರಾಯಿತು. ಸಂಜೆಯ ಚಹಾದ ಗಿರಾಕಿ ಕಡಿಮೆಯಾಗುವ ಹೊತ್ತಿಗೆ, ಗಲ್ಲಾದಲ್ಲಿ ಕೂತ ಧಣಿಯ ಮುಖ ನೋಡಿಕೊಂಡು ಹುಡುಗ ಹೊರಡಬೇಕು. ಅಂಗಿ ಬದಲಿಸಿದರೂ ಕೈಯ ನೀರುಳ್ಳಿ ವಾಸನೆ ಬಿಡದು. ದಿನವಿಡೀ ತಟ್ಟೆ ತೊಳೆದು ಬಿಳಚಿ ಸುಕ್ಕಾದ ಬೆರಳಿನಲ್ಲಿ ಪೆನ್ನು ಹಿಡಿಯಬೇಕು. ಬೀಜಗಣಿತ ನಡೆಯುತ್ತಿರುವಾಗ ಕೊನೆಯ ಬೆಂಚಿನಲ್ಲಿ ಯಾರೋ ತೂಕಡಿಸುತ್ತಿರುತ್ತಾನೆ. ಅವನು ಎದ್ದದ್ದು ಬೆಳಗಿನ ನಾಲ್ಕಕ್ಕೆ.

ಅಲ್ಲಿಂದ ಮುಂದೆ ಕಾಲೇಜು. ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ಸಿದ್ಧಾರ್ಥ ಕಾಲೇಜು ತೆರೆದು, ಕೆಲಸಕ್ಕೆ ಹೋಗುವವರಿಗೂ ಅನುಕೂಲವಾಗಲೆಂದು ಬೆಳಗಿನ ಹೊತ್ತು ಪಾಠ ಇಟ್ಟದ್ದು ಇದೇ ಊರಿನಲ್ಲಿ. ಹಾಗೆ ಓದಿದವರು ಬ್ಯಾಂಕಿಗೆ ಹೋದರು, ಕರಿ ಕೋಟು ಹಾಕಿ ಕೋರ್ಟಿಗೆ ಹೋದರು. ಕಾರ್ಕಳದ ಎಣ್ಣೆಹೊಳೆಯಿಂದ ಬಂದು, ಹೋಟೆಲಿನಲ್ಲಿ ದುಡಿಯುತ್ತ ಅಂಧೇರಿಯಲ್ಲಿ ಪದವಿ ಮುಗಿಸಿದ ದಯಾ ನಾಯಕ್ 1995ರಲ್ಲಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆದರು. ಅವರ ಎನ್‌ಕೌಂಟರುಗಳ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ಹುದ್ದೆಯ ಪರೀಕ್ಷೆಗೆ ಕೂರಲು ಪದವಿ ಬೇಕೇ ಬೇಕು. ಚೆನ್ನಾಗಿ ದೋಸೆ ಹೊಯ್ಯುತ್ತಾನೆಂದು ಯಾರನ್ನೂ ಅಲ್ಲಿ ಕೂರಿಸುವುದಿಲ್ಲ.

ಡಿಗ್ರಿ ಇದ್ದೂ ಕೆಲಸ ಇಲ್ಲದವರಿಲ್ಲವೇ? ಧಾರಾಳ ಇದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ವರದಿಯ ಪ್ರಕಾರ, ನಮ್ಮ ಪದವೀಧರ ಯುವಕರಲ್ಲಿ ನೂರಕ್ಕೆ 29 ಮಂದಿ ನಿರುದ್ಯೋಗಿಗಳು. ಓದು ಬರಹ ಬಾರದ ಯುವಕರಲ್ಲಿ 3.4 ಮಾತ್ರ. ಅಕ್ಷರ ಬಾರದವರೇ ಸುಖಿಗಳೆಂದು ಇದರ ಅರ್ಥವಲ್ಲ. ಅವರಿಗೆ ಒಂದು ದಿನವೂ ಕೆಲಸವಿಲ್ಲದೆ ಕೂರುವ ಅನುಕೂಲವಿಲ್ಲ, ಸಿಕ್ಕ ಕೂಲಿಗೆ ನಿಲ್ಲುತ್ತಾರೆ. ಹಾಗೆಂದು ಲಕ್ಷಗಟ್ಟಲೆ ಸಾಲ ಮಾಡಿ ಹೆಸರಿಲ್ಲದ ಕಾಲೇಜಿನ ಡಿಗ್ರಿ ಕೊಳ್ಳುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ಫೇಲಾದ ವಿಷಯಗಳ ಎಟಿಕೆಟಿ ಮೇಲೆ ಎಟಿಕೆಟಿ ಹೊತ್ತು ಆರು ವರ್ಷ ಎಳೆಯುವವನು ಒಂದು ಕಸುಬು ಕಲಿಯುವುದೇ ಲೇಸು.

ಅಪ್ಪನಿಗೆ ಅಂಗಡಿಯಿದ್ದರೆ ಮಗ ಡಿಗ್ರಿಯ ಬಗ್ಗೆ ವಾದ ಮಾಡಬಹುದು. ಏನೂ ಇಲ್ಲದ ಹುಡುಗನಿಗೆ ಈ ಊರಿನಲ್ಲಿ ಡಿಗ್ರಿಗಿಂತ ಅಗ್ಗದ ಬಂಡವಾಳ ಇನ್ನೂ ಹುಟ್ಟಿಲ್ಲ. ಅದಕ್ಕೇ ಹೋಟೆಲು, ಕ್ಯಾಂಟೀನು ನಡೆಸುವ ಕೇಳುಗರಲ್ಲಿ ಒಂದು ವಿನಂತಿ. ಶಾಲೆ ಬಿಟ್ಟು ಬಂದ ಹುಡುಗ ನಿಮ್ಮಲ್ಲಿದ್ದರೆ, ಹತ್ತನೆಯ ಪರೀಕ್ಷೆಗೆ ಖಾಸಗಿಯಾಗಿ ಕೂರುವ 17 ನಂಬರ್ ಫಾರ್ಮ್ ತುಂಬಿಸಿ. ಫೀಸು ನೀವೇ ಕಟ್ಟಿ, ಸಂಜೆ ಅವನನ್ನು ಓದಲು ಬಿಡಿ.