ಖೋಲಿಯ ಗೋಡೆಗೆ ಯಾವ ಬಣ್ಣ?

(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ಗೋಡೆಯ ಬಣ್ಣವೂ ಒಂದು ಭಾಷಣದ ವಿಷಯವೇ ಎಂದು ತಮ್ಮಲ್ಲಿ ಕೆಲವರು ನಕ್ಕಿರಬಹುದು. ಆದರೆ ಮಾರ್ಕೆಟ್ ಯಾರ್ಡಿನ ಸುತ್ತಲಿನ ಹತ್ತಡಿಯ ಖೋಲಿಗಳಲ್ಲಿ ಸಂಸಾರ ಹೂಡಿದ ನಮಗೆ ನಾಲ್ಕು ಗೋಡೆಗಳೇ ಅಂಗಳ, ಅವೇ ಪಡಸಾಲೆ. ರಾತ್ರಿಯೆಲ್ಲ ಲಾರಿಯಿಂದ ಚೀಲ ಇಳಿಸಿದವನು ಹಗಲು ಮಲಗುವುದೂ, ಮಗು ಓದುವುದೂ, ಅಡಿಗೆಯಾಗುವುದೂ ಅವುಗಳ ನಡುವೆಯೇ.

ನಾವು ಗಂಡಹೆಂಡಿರು ಪಟ್ಟ ಪಾಡನ್ನು ಮೊದಲು ಹೇಳಿಬಿಡುತ್ತೇವೆ. ಒಂದು ದೀಪಾವಳಿಗೆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಬಣ್ಣದ ಕಾರ್ಡು ನೋಡಿ, ಕೆನೆಯಂಥ ಒಂದು ತುಣುಕಿನ ಮೇಲೆ ಬೆರಳಿಟ್ಟೆವು. ಉಗುರಿನಷ್ಟಿದ್ದಾಗ ಸೌಮ್ಯವಾಗಿದ್ದ ಆ ಡಿಸ್ಟೆಂಪರು ನಾಲ್ಕು ಗೋಡೆಗೂ ಹತ್ತಿದ ಮೇಲೆ ಹಸಿ ಅರಿಸಿಣದಂತೆ ಕಣ್ಣಿಗೆ ಹೊಡೆಯಿತು. ಒಂದು ಗೋಡೆ ತನ್ನ ಬಣ್ಣವನ್ನು ಇನ್ನೊಂದರ ಮೇಲೆ ಚೆಲ್ಲುತ್ತದೆ. ಚಿಕ್ಕ ಖೋಲಿಯಲ್ಲಿ ಇದು ಇನ್ನೂ ಹೆಚ್ಚು. ಬೋನಸ್ಸಿನ ಹೆಚ್ಚಿನ ಪಾಲು ಮುಗಿದಿತ್ತು. ಎರಡು ವರ್ಷ ಆ ಅರಿಸಿಣದೊಳಗೇ ಇದ್ದೆವು. ಬೆಲ್ಲ ಕೊಳ್ಳುವವನು ಹೆಂಟೆಯನ್ನು ಗಾಳೆಯ ಬಾಗಿಲಿಗೆ ತಂದು ಬೆಳಕಿಗೆ ಹಿಡಿದು ನೋಡುತ್ತಾನೆ. ದಿನವೂ ಅದನ್ನು ಕಾಣುವ ನಮಗೆ ಅಷ್ಟು ಬುದ್ಧಿ ಹೊಳೆಯಲಿಲ್ಲ!

ಈಗ ನೆಲದ ಮಾತು. ಪುಣೆಯ ಹಳೆಯ ಖೋಲಿಗಳಲ್ಲಿ ಬಹಳ ಕಡೆ ಹಾಸಿರುವುದು ಶಹಾಬಾದಿ ಫರಸಿ. ಕಲಬುರಗಿ ಜಿಲ್ಲೆಯ ನಮ್ಮ ಶಹಾಬಾದಿನ ಹೆಸರೇ ಅದಕ್ಕೆ. ನಮಗಿಂತ ಮೊದಲೇ ಊರು ಬಿಟ್ಟು ಬಂದ ಕಲ್ಲು ಅದು. ಅದರ ಬೂದುಬಣ್ಣದಲ್ಲಿ ನೀಲಿಯ ಛಾಯೆಯುಂಟು. ಸುಣ್ಣಕ್ಕೆ ನೀಲಿ ಬೆರೆಸಿ ಬಳಿದ ಗೋಡೆ ಅದರ ಮೇಲೆ ನಿಂತರೆ ಖೋಲಿ ಆಸ್ಪತ್ರೆಯಂತೆ ತಣ್ಣಗೆ ಕಾಣುತ್ತದೆ. ಗೋಡೆಗೆ ತುಸು ಮಣ್ಣಿನ ಹಳದಿ ಬಂದು ಜೋಳದ ಹಿಟ್ಟಿನ ಬಣ್ಣವಾದರೆ ಅದೇ ಫರಸಿ ಒಗ್ಗಿಕೊಳ್ಳುತ್ತದೆ. ಕಿಟಕಿ ಉತ್ತರಕ್ಕಿದ್ದರೆ ಆಕಾಶದ ನೀಲಿ ಬೆಳಕೇ ಹೆಚ್ಚು, ಹಳದಿ ಒಂದು ಹಿಡಿ ಹೆಚ್ಚಿರಲಿ. ಪಶ್ಚಿಮಕ್ಕಿದ್ದರೆ ಸಂಜೆಯ ಬಿಸಿಲೇ ಹಳದಿ ತರುತ್ತದೆ, ಕಡಿಮೆ ಸಾಕು. ಎದುರಿನ ಮಾಡಿಗೆ ನೀಲಿ ತಾಡಪತ್ರಿ ಹೊದಿಸಿದ್ದರೆ ಅದರ ಛಾಯೆಯೂ ಒಳಗೆ ಬರುತ್ತದೆಂಬುದನ್ನು ಮರೆಯಬಾರದು. ಇನ್ನು ದೀಪ: ಡಬ್ಬಿಯ ಮೇಲೆ 6500 ಕೆ ಎಂದಿದ್ದರೆ ಬೆಳಕು ನೀಲಿಯತ್ತ, 2700 ಕೆ ಎಂದಿದ್ದರೆ ಹಳದಿಯತ್ತ. ಎಷ್ಟೋ ಸಲ ಬಣ್ಣ ಬದಲಿಸುವ ಮೊದಲು ದೀಪ ಬದಲಿಸಿ ನೋಡುವುದೇ ಅಗ್ಗ.

ಎರಡನೆಯ ಸಲ ನಾವು ಮಾಲೀಕರ ಒಪ್ಪಿಗೆ ಪಡೆದು, ಹಳೆಯ ಡಿಸ್ಟೆಂಪರನ್ನು ನೀರಿನಿಂದ ತೊಳೆದು, ಸುಣ್ಣಕ್ಕೇ ಮೊರೆಹೋದೆವು. ಹಳದಿ ಮಣ್ಣು, ಕೆಮ್ಮಣ್ಣು ಇವೆರಡರ ಬಣ್ಣವೂ ಕಬ್ಬಿಣದಿಂದ ಬಂದದ್ದು. ಆದ್ದರಿಂದ ಸುಣ್ಣದ ಖಾರಕ್ಕೆ ಕೆಡುವುದಿಲ್ಲ. ಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ವಿಪರೀತವಾದರೆ ಅಂಗಿಗೆ ಹತ್ತುತ್ತದೆ. ಬಕೆಟ್ಟಿನಲ್ಲಿ ಕಂಡ ಬಣ್ಣಕ್ಕೆ ಹೆದರಬೇಡಿ, ಒಣಗಿದ ಮೇಲೆ ಬಹಳ ತಿಳಿಯಾಗುತ್ತದೆ. ಮೊದಲು ಎರಡು ಗೋಡೆಗಳ ಮೇಲೆ ಎರಡೆರಡು ಅಡಿಯ ಚೌಕ ಬಳಿದು, ಒಣಗಿಸಿ, ಮುಂಜಾನೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ನೋಡಿದೆವು. ಮನೆಯಾಕೆ ಮೂರನೆಯ ಚೌಕ ಒಪ್ಪಿದಳು. ಸುಣ್ಣ ಕಣ್ಣಿಗೆ ಸಿಡಿಯದಂತೆ ಮಾತ್ರ ಜಾಗ್ರತೆ ಬೇಕು.

ಒಂದು ವಿಷಯದಲ್ಲಿ ನಗೆಯಿಲ್ಲ. ಹಳೆಯ ಬಾಗಿಲು, ಕಿಟಕಿಗಳ ಆಯಿಲ್ ಪೇಂಟಿನಲ್ಲಿ, ಅದರಲ್ಲೂ ಗಾಢ ಹಳದಿ, ಕಿತ್ತಳೆ ಬಣ್ಣಗಳಲ್ಲಿ, ಸೀಸವಿರಬಹುದು. ಮನೆಬಣ್ಣ ತಯಾರಿಸುವವರು ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಸೇರಿಸಕೂಡದೆಂಬ ನಿಯಮ ಜಾರಿಗೆ ಬಂದುದು 2017ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಾಗಲೇ ಪಾಲಿಶ್ ಕಾಗದದಿಂದ ತಿಕ್ಕಿದರೆ ಧೂಳು ನೆಲಕ್ಕೆ ಬೀಳುತ್ತದೆ. ಅಂಬೆಗಾಲಿಡುವ ಕೂಸು ಅದೇ ಕೈಯನ್ನು ಬಾಯಿಗಿಡುತ್ತದೆ. ಸೀಸ ಕೂಸಿನ ಮಿದುಳಿಗೆ ಮಾಡಿದ ಕೇಡು ಮತ್ತೆ ಸರಿಹೋಗದು. ಬಣ್ಣ ಗಟ್ಟಿಯಾಗಿದ್ದರೆ ಮುಟ್ಟದಿರುವುದೇ ಲೇಸು. ಹಕ್ಕಳೆ ಏಳುತ್ತಿದ್ದರೆ, ಮಕ್ಕಳನ್ನೂ ಬಸುರಿಯರನ್ನೂ ಬೇರೆ ಮನೆಗೆ ಕಳಿಸಿ, ನೀರು ಹಚ್ಚಿ ಕೆರೆಯಿಸಿ, ಒದ್ದೆ ಬಟ್ಟೆಯಿಂದ ಒರೆಸಿರಿ. ಕಸಬರಿಗೆ ಬೇಡ.

ನಮ್ಮಲ್ಲಿ ಹಳದಿ ಮಣ್ಣು ಇನ್ನೂ ಎರಡು ಕಿಲೋದಷ್ಟು ಉಳಿದಿದೆ. ಬೇಕಾದವರು ವಾಚನಾಲಯದಲ್ಲಿ ಹೇಳಿ ಒಯ್ಯಬಹುದು. ಡಬ್ಬಿಯನ್ನು ಮಾತ್ರ ಹಿಂದಿರುಗಿಸಬೇಕು.