ವಂಶಾಗತ ರೋಗವೂ ನಮ್ಮ ಕರ್ತವ್ಯವೂ

 

ಶ್ರೀಮಠದ ಈ ಮಹೋತ್ಸವದಲ್ಲಿ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನಾದ ನನಗೆ ನಾಲ್ಕು ಮಾತನ್ನಾಡಲು ಅಪ್ಪಣೆಯಾದುದು ನನ್ನ ಭಾಗ್ಯ. ನಾನು ವಿದ್ವಾಂಸನಲ್ಲ, ಅನುಭವಿಸಿದುದನ್ನು ಅರಿಕೆಮಾಡುವೆನು.

ಮೈಸೂರು ತಳಿಯ ಹೆಣ್ಣು ಚಿಟ್ಟೆಗೂ ದ್ವಿತಳಿಯ ಗಂಡು ಚಿಟ್ಟೆಗೂ ಹುಟ್ಟಿದ ಮಿಶ್ರತಳಿಯ ಹುಳು ಗಟ್ಟಿಯಾಗಿ ಬೆಳೆದು ಒಳ್ಳೆಯ ಗೂಡು ಕಟ್ಟುವುದೆಂದು ನಮ್ಮ ಸೀಮೆಯವರೆಲ್ಲರೂ ಬಲ್ಲರು. ಮೊಟ್ಟೆ ಕೊಳ್ಳುವಾಗ ತಳಿಯನ್ನು ವಿಚಾರಿಸುವ ನಾವು, ಮಕ್ಕಳ ವಿವಾಹಕಾಲದಲ್ಲಿ ಮಾತ್ರ ಆಸ್ತಿ ಮನೆ ಬಿಟ್ಟು ಹೋಗದಿರಲೆಂದು ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಟ್ಟು ನಿಶ್ಚಿಂತರಾಗುವೆವು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನಡೆದ ಪರಿಶೋಧನೆಯಲ್ಲಿ, ವಿವಾಹಗಳ ಪೈಕಿ ಸುಮಾರು ಮೂರರಲ್ಲೊಂದು ರಕ್ತಸಂಬಂಧದ್ದೆಂದು ಕಂಡುಬಂದಿತು.

ನಾನೂ ಅಕ್ಕನ ಮಗಳನ್ನೇ ವರಿಸಿದವನು. ನಮ್ಮ ಮಗುವಿಗೆ ವರ್ಷ ತುಂಬುವ ಮೊದಲೇ ಮುಖ ಬಿಳುಪೇರಿತು. ವೈದ್ಯರು ಥಲಸೀಮಿಯಾ ಎಂದರು. ಅಂದಿನಿಂದ ಕೆಲವು ವಾರಗಳಿಗೊಮ್ಮೆ ಅನ್ಯರ ರಕ್ತವೇ ಅದಕ್ಕೆ ಆಧಾರ. ಬಂಧುಗಳು ತಾಯಿಯ ಕರ್ಮವೆಂದರು, ನಾನು ಸುಮ್ಮನಿದ್ದೆನು. ಆ ಮೌನಕ್ಕಾಗಿ ಇಂದಿಗೂ ನಾಚುತ್ತೇನೆ. ಏಕೆಂದರೆ ಈ ರೋಗದ ಬೀಜವು ತಂದೆಯಿಂದಲೂ ತಾಯಿಯಿಂದಲೂ ಬಂದು ಸೇರಬೇಕು. ಇಬ್ಬರಲ್ಲಿಯೂ ಅದು ಅಡಗಿದ್ದರೆ ಪ್ರತಿಯೊಂದು ಗರ್ಭಕ್ಕೂ ನಾಲ್ಕರಲ್ಲಿ ಒಂದು ಪಾಲು ಅಪಾಯವುಂಟು. ಒಂದೇ ಬೀಜವುಳ್ಳವರು ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇರುವುದರಿಂದ ರಕ್ತಪರೀಕ್ಷೆಯಿಲ್ಲದೆ ತಿಳಿಯದು. ರಕ್ತಸಂಬಂಧವು ರೋಗವನ್ನು ಹುಟ್ಟಿಸದು. ಒಬ್ಬನೇ ಪೂರ್ವಿಕನ ಬೀಜವು ಎರಡು ಕಡೆಯಿಂದಲೂ ಬಂದು ಕೂಡುವ ಸಂಭವವನ್ನು ಹೆಚ್ಚಿಸುವುದು.

ದೂರದ ಮನೆಯಿಂದ ತಂದರೆ ಸಾಕೆನ್ನುವಿರಾ? 2017ರಲ್ಲಿ ಹೈದರಾಬಾದಿನ ವಿಜ್ಞಾನಿಗಳೂ ವಿದೇಶೀಯರೂ ಕೂಡಿ ದಕ್ಷಿಣ ಏಷ್ಯದ 260ಕ್ಕೂ ಹೆಚ್ಚು ಪಂಗಡಗಳನ್ನು ಶೋಧಿಸಿದರು. ಅವುಗಳಲ್ಲಿ ಅನೇಕವು ಕೆಲವೇ ಪೂರ್ವಿಕರಿಂದ ಬೆಳೆದು, ತಲೆತಲಾಂತರದಿಂದ ತಮ್ಮೊಳಗೇ ವಿವಾಹ ನಡೆಸಿದುದರಿಂದ ಇಂಥ ರೋಗಗಳಿಗೆ ಹೆಚ್ಚು ಎಡೆಯಾಗಿದೆಯೆಂದು ತೋರಿಸಿದರು. ಆದುದರಿಂದ ಪರೀಕ್ಷೆ ಎಲ್ಲರಿಗೂ ಅವಶ್ಯ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳುವೆನು. ಆರೋಗ್ಯವಿಮೆಯ ಅರ್ಜಿಯಲ್ಲಿ ಮಗುವಿನ ರೋಗವನ್ನು ಬರೆಯಬೇಡಿರೆಂದು ಏಜೆಂಟನೊಬ್ಬನು ಹೇಳಲು ನಾನು ಮರೆಮಾಚಿದೆನು. ಹಣ ಬೇಕಾದಾಗ ಆ ಮರೆಮಾಚಿದುದೇ ಕಾರಣವಾಗಿ ಕೋರಿಕೆ ತಿರಸ್ಕೃತವಾಯಿತು. ವಂಶಾಗತ ರೋಗಗಳನ್ನು ವಿಮೆಯಿಂದ ಹೊರಗಿಡಕೂಡದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ವಿಧಿಸಿತು. ಮೊದಲೇ ಇದ್ದು ತಿಳಿಸಲ್ಪಟ್ಟ ರೋಗಕ್ಕೆ ಕಾಯಿಸುವ ಅವಧಿಯು 36 ತಿಂಗಳನ್ನು ಮೀರಕೂಡದೆಂದು 2024ರಲ್ಲಿ ಗೊತ್ತುಮಾಡಿತು. ವಿಮೆಯವರು ಹೆಚ್ಚು ಕಂತು ಕೇಳಬಹುದು, ಒಪ್ಪದೆಯೂ ಇರಬಹುದು; ಆದರೂ ಸತ್ಯವನ್ನು ಬರೆದು ಪಡೆದ ವಿಮೆಯೇ ಆಪತ್ಕಾಲಕ್ಕೆ ನಿಲ್ಲುವುದು.

ಭಕ್ತಬಾಂಧವರೆ, ಮುಹೂರ್ತವನ್ನು ನಿಶ್ಚಯಿಸುವ ಮೊದಲು ವಧೂವರರ ರಕ್ತವನ್ನು ಪರೀಕ್ಷಿಸಿಸಿರಿ. ಬೀಜವುಳ್ಳ ಹೆಣ್ಣನ್ನಾಗಲಿ ಗಂಡನ್ನಾಗಲಿ ಕೀಳಾಗಿ ಕಾಣಬೇಡಿರಿ; ಬೀಜವಿಲ್ಲದವರೊಡನೆ ಅವರ ಸಂಸಾರವು ನಿರಾತಂಕವಾಗಿ ನಡೆಯುವುದು. ದಾಸೋಹದಲ್ಲಿ ಅನ್ನ ನೀಡುವಂತೆ, ಶಕ್ತರಾದವರು ರಕ್ತವನ್ನೂ ನೀಡಿರಿ. ನನ್ನ ಮಗುವು ಇಂದು ಈ ಸಭೆಯಲ್ಲಿ ಕುಳಿತಿರುವುದು ಅಂಥ ಅಜ್ಞಾತ ದಾಸೋಹಿಗಳ ಕೃಪೆಯಿಂದಲೇ.